ಚೆಂಡು ಬಿದ್ದಲ್ಲಿಂದಲೇ

ಗಾಲ್ಫ್ ಎಂದರೆ ನಮ್ಮಂಥವರ ಪಾಲಿಗೆ ಬೇಲಿಯಾಚೆಯ ಹಸಿರು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಊರಿನ ನಡುಮಧ್ಯದಲ್ಲೇ ಇದೆ. ಬಸ್ಸಿನಲ್ಲೋ ಆಟೋದಲ್ಲೋ ಆ ದಾರಿಯಲ್ಲಿ ಹೋಗುವಾಗ ನಮಗೆ ಕಾಣುವುದು ಮರದ ಸಾಲು, ಒಂದಿಷ್ಟು ಹುಲ್ಲು, ಅಷ್ಟೇ. ಕ್ರಿಕೆಟ್ಟಾದರೆ ಬೀದಿಯಲ್ಲಿ ಆಡುವ ಹುಡುಗರು ನಮ್ಮ ಕಿಟಕಿಯ ಗಾಜು ಒಡೆದಾದರೂ ಪರಿಚಯ ಮಾಡಿಕೊಡುತ್ತಾರೆ. ಗಾಲ್ಫಿಗೆ ಆ ಸಲಿಗೆಯೂ ಇಲ್ಲ. ಅದು ದುಡ್ಡಿದ್ದವರ ಆಟ, ಗಂಡಸರ ಆಟ, ನಿವೃತ್ತ ಅಧಿಕಾರಿಗಳ ಆಟ ಎಂದು ನಾವು ಎಂದೋ ತೀರ್ಮಾನ ಮಾಡಿ ಮುಗಿಸಿದ್ದೇವೆ.

ಆ ತೀರ್ಮಾನ ಸ್ವಲ್ಪ ಅಲುಗಾಡಿದ್ದು 2021ರ ಆಗಸ್ಟ್ 7ರ ಶನಿವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದಾಳೆ ಎಂಬ ಸುದ್ದಿ ಕೇಳಿ, ಗಾಲ್ಫಿನ ಗಂಧವೂ ಇಲ್ಲದ ನಾವೆಲ್ಲ ಬೆಳಗಿನ ಜಾವಕ್ಕೇ ಎದ್ದು ಟೀವಿಯ ಮುಂದೆ ಕುಳಿತೆವು. ಜಗತ್ತಿನ ಆಟಗಾರ್ತಿಯರ ಪಟ್ಟಿಯಲ್ಲಿ ಆಗ ಅವಳು 200ನೆಯವಳು. ಅವಳ ಭಾರವಾದ ಚೀಲವನ್ನು ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಅವಳ ಅಮ್ಮ. ಹಾಗೆ ಚೀಲ ಹೊತ್ತು ನೆರವಾಗುವವರಿಗೆ ಕ್ಯಾಡಿ ಎನ್ನುತ್ತಾರಂತೆ. ನಾಲ್ಕು ದಿನ ಆಡಿ, ಒಟ್ಟು 269 ಹೊಡೆತ ಹೊಡೆದು, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ಅವಳು ನಾಲ್ಕನೆಯವಳಾದಳು. ಅದೇ ದಿನ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ಗೆದ್ದ. ದೇಶವೆಲ್ಲ ಕುಣಿಯಿತು. ನನ್ನ ಮನಸ್ಸು ಮಾತ್ರ ಆ ಅಮ್ಮನ ಹೆಗಲ ಮೇಲಿದ್ದ ಚೀಲದಲ್ಲೇ ಉಳಿಯಿತು. ನಾಲ್ಕನೆಯ ಸ್ಥಾನಕ್ಕೆ ಕೊರಳಿಗೆ ಹಾಕಿಕೊಳ್ಳಲು ಏನೂ ಇಲ್ಲ. ಮಗಳ ಜೊತೆ ಆ ಚೀಲ ಹೊತ್ತುಕೊಂಡು ಹಿಂತಿರುಗುವಾಗ ಆ ತಾಯಿ ಏನು ಮಾತಾಡಿರಬಹುದು?

ಆಮೇಲೆ ಈ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಆಟ ಬಹಳ ಸರಳ. ದೊಡ್ಡ ನಿಂಬೆಹಣ್ಣಿನಷ್ಟಿರುವ ಚೆಂಡು, ಸುಮಾರು ನಾಲ್ಕೂಕಾಲು ಅಂಗುಲ ಅಗಲದ ಕುಳಿ. ದೂರದಿಂದ ಹೊಡೆದು ಹೊಡೆದು ಚೆಂಡನ್ನು ಕುಳಿಗೆ ಹಾಕಬೇಕು. ಇಂಥವು 18 ಕುಳಿ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು. ಎದುರಾಳಿ ನಿಮ್ಮ ಚೆಂಡನ್ನು ತಡೆಯುವಂತಿಲ್ಲ, ನೀವು ಅವಳದನ್ನು ಮುಟ್ಟುವಂತಿಲ್ಲ. ಚೆಂಡು ಮರಳಿನ ಗುಂಡಿಗೆ ಬಿದ್ದರೂ ಪೊದೆಯ ಬುಡದಲ್ಲಿ ನಿಂತರೂ, ಅದು ಬಿದ್ದ ಜಾಗದಿಂದಲೇ ಮುಂದಿನ ಹೊಡೆತ ಹೊಡೆಯಬೇಕೆಂಬುದು ಈ ಆಟದ ಮೂಲ ನಿಯಮ. ನಿಯಮ ಮುರಿದರೆ ಯಾರೂ ನೋಡದಿದ್ದರೂ ಆಟಗಾರರು ತಾವಾಗಿ ಹೇಳಿ ದಂಡದ ಹೊಡೆತ ಸೇರಿಸಿಕೊಳ್ಳಬೇಕು. ಇದನ್ನು ಓದಿದಾಗ, ಇದು ಆಟವೋ ಸಂಸಾರವೋ ಎಂದು ನನಗೆ ನಗು ಬಂತು.

ಹೀಗೆ ಓದುತ್ತಾ ಸಿಕ್ಕಿದವಳು ಬೆಟ್ಸಿ ಕಿಂಗ್. ಅಮೆರಿಕದ ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿನಲ್ಲಿ 1955ರಲ್ಲಿ ಹುಟ್ಟಿದವಳು. ಕಾಲೇಜಿನಲ್ಲೇ ಹೆಸರು ಮಾಡಿದ್ದಳು. ಆಕೆ ಓದಿದ ಫರ್ಮನ್ ವಿಶ್ವವಿದ್ಯಾಲಯದ ಹುಡುಗಿಯರ ತಂಡ 1976ರಲ್ಲಿ ರಾಷ್ಟ್ರದ ಚಾಂಪಿಯನ್ ಆಗಿತ್ತು. 1977ರಲ್ಲಿ ಆಕೆ ಗಾಲ್ಫನ್ನೇ ವೃತ್ತಿ ಮಾಡಿಕೊಂಡು ಎಲ್‌ಪಿಜಿಎ ಸೇರಿದಳು. ಇದು 1950ರಲ್ಲಿ 13 ಮಂದಿ ಆಟಗಾರ್ತಿಯರು ಸೇರಿ ತಮಗಾಗಿ ತಾವೇ ಕಟ್ಟಿಕೊಂಡ ಸಂಸ್ಥೆ.

ಸೇರಿದ ಮೇಲೆ ಏನಾಯಿತು? ಏನೂ ಆಗಲಿಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಏಳು ವರ್ಷ ಆ ಸಂಸ್ಥೆಯ ಒಂದು ಪಂದ್ಯಾವಳಿಯನ್ನೂ ಆಕೆ ಗೆಲ್ಲಲಿಲ್ಲ. ಇದರ ಮೇಲೆ ಇನ್ನೊಂದು ಉರಿ. ಅದೇ ಕಾಲೇಜಿನ ತಂಡದಲ್ಲಿ ಜೊತೆಗೆ ಆಡಿದ್ದ ಬೆತ್ ಡೇನಿಯಲ್ 1979ರಲ್ಲಿ ಬಂದವಳು ಬಂದ ವರ್ಷವೇ ಗೆದ್ದು, ಹೊಸಬರಲ್ಲಿ ಶ್ರೇಷ್ಠಳೆನಿಸಿದಳು. ಮರುವರ್ಷ, 1980ರಲ್ಲಿ, ವರ್ಷದ ಆಟಗಾರ್ತಿಯೇ ಆಗಿಬಿಟ್ಟಳು. ಹಿಂದೆ ಬಂದವಳು ಮುಂದೆ ಹೋದಳು. ಈ ನೋವು ಯಾವುದೆಂದು ನಮ್ಮ ಓದುಗ ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಯಲ್ಲಿ ಓದಿದವಳಿಗೆ ಕೆಲಸ ಸಿಕ್ಕಿದ ದಿನ, ತಂಗಿಯ ಮದುವೆ ಮೊದಲು ನಿಶ್ಚಯವಾದ ದಿನ, ಓರಗಿತ್ತಿಗೆ ಮೊದಲು ಮಗುವಾದ ದಿನ, ಸಿಹಿ ಹಂಚುವ ಕೈ ನಮ್ಮದೇ ಆಗಿರುತ್ತದಲ್ಲ, ಅದೇ ಇದು.

ನಮ್ಮ ಮನೆಯಲ್ಲೂ ಹೀಗೆ ಕಾಯುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ನನ್ನ ಅಕ್ಕನ ಮಗಳು. ಬಿಕಾಂ ಮುಗಿಸಿ ನಾಲ್ಕು ವರ್ಷದಿಂದ ಬ್ಯಾಂಕಿನ ಪರೀಕ್ಷೆ ಬರೆಯುತ್ತಿದ್ದಾಳೆ. ಎರಡು ಸಲ ಸಂದರ್ಶನದವರೆಗೆ ಹೋಗಿ ಬಂದಳು. ಮದುವೆಮನೆಗೆ ಹೋದರೆ "ಇನ್ನೂ ಓದ್ತಾನೇ ಇದ್ದಾಳಾ?" ಎಂಬ ಪ್ರಶ್ನೆ ಊಟದ ಎಲೆಯ ಮೇಲೆ ಉಪ್ಪಿಗಿಂತ ಮೊದಲು ಬೀಳುತ್ತದೆ. ಅದಕ್ಕೇ ಈಗೀಗ ಅವಳು ಮದುವೆಮನೆಗೇ ಬರುವುದಿಲ್ಲ.

ಒಂದು ದಿನ ಅವಳಿಗೆ ಬೆಟ್ಸಿಯ ಏಳು ವರ್ಷದ ಕಥೆ ಹೇಳಿದೆ. ಕೇಳಿಸಿಕೊಂಡು, "ಆ ಏಳು ವರ್ಷ ಅವಳ ಖರ್ಚಿಗೆ ಯಾರು ಕೊಟ್ರು ಚಿಕ್ಕಮ್ಮಾ?" ಎಂದಳು.

ನ್ಯಾಯವಾದ ಪ್ರಶ್ನೆ. ಛಲದ ಕಥೆ ಹೇಳುವವರು ಖರ್ಚಿನ ಲೆಕ್ಕ ಹೇಳುವುದಿಲ್ಲ. ವೃತ್ತಿಪರ ಗಾಲ್ಫಿನಲ್ಲಿ ಮೊದಲ ಸ್ಥಾನ ಬರದಿದ್ದರೂ, ಕೊನೆಯ ಸುತ್ತುಗಳವರೆಗೆ ಉಳಿದವರಿಗೆ ಅವರವರ ಸ್ಥಾನಕ್ಕೆ ತಕ್ಕಷ್ಟು ಹಣ ಸಿಗುತ್ತದೆ. ಹತ್ತನೆಯವಳಿಗೂ ಇಪ್ಪತ್ತನೆಯವಳಿಗೂ ಒಂದು ಪಾಲಿದೆ. ನಮ್ಮ ಪರೀಕ್ಷೆಗಳಲ್ಲಿ ಅಂಚಿನಲ್ಲಿ ತಪ್ಪಿದವರಿಗೆ ಏನೂ ಇಲ್ಲ. ಆದ್ದರಿಂದ "ಛಲ ಬಿಡಬೇಡ" ಎಂದು ಸುಮ್ಮನೆ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಛಲವಿಟ್ಟುಕೊಂಡವಳಿಗೆ ಅನ್ನ, ಬಸ್ ಚಾರ್ಜು, ಮನೆಯವರ ಮೌನದ ಬೆಂಬಲ ಎಲ್ಲವೂ ಬೇಕು. ಅದಿತಿಯ ತಾಯಿಯೂ, ಅದಕ್ಕೂ ಮೊದಲು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವಳ ತಂದೆಯೂ ಹೊತ್ತದ್ದು ಬರೀ ಚೀಲವಲ್ಲ ಎಂದು ನನಗೆ ಅನಿಸುತ್ತದೆ.

ಬೆಟ್ಸಿಯ ಏಳು ವರ್ಷದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ಎರಡೂ 1980ರ ಆಸುಪಾಸಿನವು. ಒಂದು, ಆಕೆ ಎಡ್ ಓಲ್ಡ್‌ಫೀಲ್ಡ್ ಎಂಬ ಗುರುವಿನ ಹತ್ತಿರ ಹೋಗಿ ತನ್ನ ಹೊಡೆಯುವ ಕ್ರಮವನ್ನೇ ಬುಡದಿಂದ ತಿದ್ದಿಕೊಳ್ಳಲು ಶುರುಮಾಡಿದಳು. ರೂಢಿಯಾದ ಕೈಯನ್ನು ತಿದ್ದುವುದೆಂದರೆ ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಮೂವತ್ತು ವರ್ಷ ಒಂದೇ ಥರ ರಂಗೋಲಿ ಎಳೆ ಬಿಟ್ಟ ಬೆರಳಿಗೆ ಬೇರೆ ಥರ ಬಿಡು ಎಂದರೆ ಹೇಗೋ ಹಾಗೆ. ಛಲವೆಂದರೆ ಅದೇ ಗೋಡೆಗೆ ಅದೇ ತಲೆಯನ್ನು ಚಚ್ಚಿಕೊಳ್ಳುವುದಲ್ಲ ಎಂದು ಆಕೆ ಅರಿತಿದ್ದಳು.

ಇನ್ನೊಂದು, ಆಕೆ ಕ್ರಿಸ್ತನಲ್ಲಿ ಶ್ರದ್ಧೆಯಿಟ್ಟಳು. ಆಟಗಾರ್ತಿಯರೇ ಸೇರಿ ನಡೆಸುವ ಬೈಬಲ್ ಅಧ್ಯಯನದ ಗುಂಪಿನಲ್ಲಿ ಒಬ್ಬಳಾದಳು. ನಮ್ಮ ಕಡೆಯ ಕಥೆಯಾಗಿದ್ದರೆ ಇಲ್ಲಿಗೆ ಪವಾಡ ನಡೆಯಬೇಕು. ದೇವರಿಗೆ ಕೈ ಮುಗಿದಳು, ಮುಂದಿನ ವಾರ ಗೆದ್ದಳು ಎಂದು ಮುಗಿಯಬೇಕು. ಹಾಗಾಗಲಿಲ್ಲ. ನಂಬಿಕೆ ಬಂದ ಮೇಲೂ ಮೊದಲ ಗೆಲುವಿಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. 1984ರಲ್ಲಿ, ಕೆಂಪರ್ ಓಪನ್ ಪಂದ್ಯಾವಳಿಯಲ್ಲಿ ಆಕೆ ಮೊದಲ ಸಲ ಗೆದ್ದಳು. ಹಾಗಾದರೆ ಆ ನಾಲ್ಕು ವರ್ಷ ಆ ನಂಬಿಕೆ ಆಕೆಗೆ ಏನು ಕೊಟ್ಟಿತು? ಆಟದ ಫಲವೇ ತನ್ನ ಬೆಲೆಯಲ್ಲ ಎಂಬ ತಿಳಿವನ್ನು ಕೊಟ್ಟಿತೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಸೋತ ಸಂಜೆ ಕೋಣೆಗೆ ಹಿಂತಿರುಗಿದವಳು ಬೆಳಿಗ್ಗೆ ಹೊರಟವಳಷ್ಟೇ ಬೆಲೆಯುಳ್ಳವಳು. ಇಷ್ಟು ನಂಬಿದವಳು ಮಾರನೆಯ ದಿನ ಕೈ ನಡುಗದೆ ಹೊಡೆಯಬಲ್ಲಳು.

ಗೆಲುವಿನ ಕಟ್ಟೆ ಒಡೆದ ಮೇಲೆ ನೀರು ನುಗ್ಗಿತು. 1984ರಿಂದ 1989ರವರೆಗೆ 20 ಗೆಲುವು. ಮೂರು ಸಲ ವರ್ಷದ ಆಟಗಾರ್ತಿ. 1992ರ ಎಲ್‌ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯ ಸ್ಥಾನದವರಿಗಿಂತ 11 ಹೊಡೆತ ಮುಂದೆ. ಒಟ್ಟು 34 ಗೆಲುವು, ಅದರಲ್ಲಿ ಆರು ಅತಿ ದೊಡ್ಡ ಪಂದ್ಯಾವಳಿಗಳು.

ಆದರೆ ಆ ಆರರಲ್ಲಿ ಒಂದು ಗೆಲುವು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. 1990ರ ಅಮೆರಿಕನ್ ಮಹಿಳಾ ಓಪನ್, ಅಟ್ಲಾಂಟಾದಲ್ಲಿ. ಪ್ಯಾಟಿ ಶೀಹನ್ ಎಂಬ ದೊಡ್ಡ ಆಟಗಾರ್ತಿ ಎಲ್ಲರಿಗಿಂತ ಮುಂದಿದ್ದಳು. ಬೆಟ್ಸಿ ಒಂದು ಹಂತದಲ್ಲಿ ಅವಳಿಗಿಂತ 11 ಹೊಡೆತ ಹಿಂದೆ. ಮಳೆಯಿಂದಾಗಿ ಆಟ ನಿಂತು ನಿಂತು, ಕೊನೆಯ ದಿನ ಎರಡು ಸುತ್ತು, ಅಂದರೆ 36 ಕುಳಿ, ಒಟ್ಟಿಗೇ ಆಡಬೇಕಾಯಿತು. ಅಷ್ಟು ದೂರದ ಮುನ್ನಡೆ ಸೆರಗಿನ ಗಂಟು ಬಿಚ್ಚಿದ ಹಾಗೆ ಒಂದೊಂದೇ ಕಾಸಾಗಿ ಉದುರಿಹೋಯಿತು. ಸಂಜೆ ಹೊತ್ತಿಗೆ ಬೆಟ್ಸಿ ಒಂದು ಹೊಡೆತದಿಂದ ಗೆದ್ದಿದ್ದಳು. ಶೀಹನ್ ಟೀವಿ ಕ್ಯಾಮೆರಾದ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು.

ದೇವರು ಅಂದು ಯಾರ ಕಡೆ ಇದ್ದ? ಈ ಪ್ರಶ್ನೆ ಗಾಲ್ಫಿನದಲ್ಲ, ನಮ್ಮ ದೇವರ ಕೋಣೆಯದು. ಮಗನಿಗೆ ಸೀಟು ಸಿಕ್ಕರೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆ ಎಂದು ನಾವು ಹರಕೆ ಹೊರುತ್ತೇವೆ. ಅದೇ ಬೀದಿಯ ಕೊನೆಯಲ್ಲಿ ಇನ್ನೊಬ್ಬ ತಾಯಿ ಅದೇ ಸೀಟಿಗಾಗಿ ಅದೇ ದೇವರಿಗೆ ತುಪ್ಪದ ದೀಪ ಹಚ್ಚಿರುತ್ತಾಳೆ. ಇಬ್ಬರದೂ ಭಕ್ತಿಯೇ. ಒಬ್ಬಳ ಮಗನಿಗೆ ಸಿಕ್ಕಿದ ಮಾತ್ರಕ್ಕೆ ಇನ್ನೊಬ್ಬಳ ತುಪ್ಪ ಕಲಬೆರಕೆಯದಾಗುವುದಿಲ್ಲ. ಬೆಟ್ಸಿ ಗೆದ್ದದ್ದು ನಂಬಿಕೆಗೆ ಸಿಕ್ಕ ಕೂಲಿ ಎಂದು ತಿಳಿದರೆ, ಗೆಲುವಿಲ್ಲದೆ ಕಳೆದ ಆ ಏಳು ವರ್ಷಕ್ಕೆ ನಮ್ಮಲ್ಲಿ ವಿವರಣೆಯೇ ಇರುವುದಿಲ್ಲ. ಶೀಹನ್‌ಳ ಮುಂದಿನ ಕಥೆಯನ್ನೂ ಕೇಳಿ. ಎರಡು ವರ್ಷದ ನಂತರ, 1992ರಲ್ಲಿ, ಅದೇ ಓಪನ್ ಪಂದ್ಯಾವಳಿಯನ್ನು ಅವಳು ಗೆದ್ದಳು. 1994ರಲ್ಲಿ ಮತ್ತೊಮ್ಮೆ ಗೆದ್ದಳು. ಬಿಕ್ಕಿ ಅತ್ತವಳು ಚೀಲವನ್ನು ಬಿಸಾಡಿರಲಿಲ್ಲ.

ಬೆಟ್ಸಿಗೂ ಕಾಯುವುದು ತಪ್ಪಲಿಲ್ಲ. ಎಲ್‌ಪಿಜಿಎಯ ಹಾಲ್ ಆಫ್ ಫೇಮ್ ಎಂಬ ಗೌರವದ ಸಾಲಿಗೆ ಸೇರಲು ಆಕೆಗೆ 30 ಗೆಲುವು ಬೇಕಿತ್ತು. 1993ರ ನವೆಂಬರಿನಲ್ಲಿ 29 ಆಯಿತು. ಮೂವತ್ತನೆಯದು ಬಂದದ್ದು 1995ರ ಜೂನ್‌ನಲ್ಲಿ. ಜಗತ್ತಿನ ಶ್ರೇಷ್ಠ ಆಟಗಾರ್ತಿಗೂ ಒಂದೇ ಒಂದು ಗೆಲುವು ಒಂದೂವರೆ ವರ್ಷ ಕೈಗೆ ಸಿಗದೆ ಆಡಿಸಿತು. ಏಳು ವರ್ಷ ಕಾಯುವುದನ್ನು ಕಲಿತಿದ್ದವಳಿಗೆ ಇದು ಹೊಸ ಪಾಠವಾಗಿರಲಿಕ್ಕಿಲ್ಲ.

2005ರಲ್ಲಿ ಆಕೆ ಆಟದಿಂದ ನಿವೃತ್ತಳಾದಳು. ಆಡುತ್ತಿದ್ದಾಗಲೇ, ಬಡವರಿಗೆ ಮನೆ ಕಟ್ಟಿಕೊಡುವ ಕೆಲಸಕ್ಕೆ ಜೊತೆಯ ಆಟಗಾರ್ತಿಯರನ್ನು ಕರೆದುಕೊಂಡು ಹೋಗಿ ಸುತ್ತಿಗೆ ಹಿಡಿದಿದ್ದವಳು. 2006ರಲ್ಲಿ ಆಫ್ರಿಕಾಕ್ಕೆ ಹೋದಳು. ಏಡ್ಸ್‌ನಿಂದ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಕಂಡಳು. ಮರುವರ್ಷ 'ಗಾಲ್ಫ್ ಫೋರ್ ಆಫ್ರಿಕಾ' ಎಂಬ ಸಂಸ್ಥೆ ಕಟ್ಟಿದಳು. ಆ ಸಂಸ್ಥೆ ಈಗ ಮುಖ್ಯವಾಗಿ ಜಾಂಬಿಯಾದಂಥ ದೇಶಗಳ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿ ಶುದ್ಧ ನೀರು ಕೊಡಿಸುವ ಕೆಲಸಕ್ಕೆ ಹಣ ಕೂಡಿಸುತ್ತದೆ. ಹಳ್ಳಿಗೆ ನೀರು ಬಂದರೆ ಮೊದಲು ಹಗುರವಾಗುವುದು ಯಾರ ತಲೆ ಎಂದು ಬಿಂದಿಗೆ ಹೊತ್ತವರಿಗೆಲ್ಲ ಗೊತ್ತು. ಬಯಲುಸೀಮೆಯ ನಮ್ಮ ಅಮ್ಮಂದಿರು ಕೊಡದ ಸಾಲಿನಲ್ಲಿ ಎಷ್ಟು ಬೆಳಗು ಕಳೆದಿಲ್ಲ!

34 ಗೆಲುವಿನ ಬೆಟ್ಸಿಗಿಂತ ಈ ಬೆಟ್ಸಿ ನನಗೆ ಹೆಚ್ಚು ಹತ್ತಿರ. ಸ್ಪರ್ಧೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಷ್ಟು ಕಠಿಣ ಸ್ಪರ್ಧೆಯಿಲ್ಲದಿದ್ದರೆ ಆಕೆ ತನ್ನ ಹೊಡೆತವನ್ನು ತಿದ್ದಿಕೊಳ್ಳುತ್ತಲೂ ಇರಲಿಲ್ಲ. ಆದರೆ ಗೆದ್ದ ಕೈ ಆಮೇಲೆ ಏನು ಮಾಡಿತು ಎಂಬುದರಲ್ಲಿ ಆ ನಂಬಿಕೆಯ ನಿಜವಾದ ಪರೀಕ್ಷೆಯಿತ್ತು. ಅಲ್ಲಿ ಮೊದಲನೆಯವಳು, ನಾಲ್ಕನೆಯವಳು ಎಂಬ ಪಟ್ಟಿ ಇಲ್ಲ.

ನಮ್ಮ ಹುಡುಗಿ ಈ ಸಲ ಬ್ಯಾಂಕಿನ ಅರ್ಜಿಯ ಜೊತೆಗೆ ಸಹಕಾರ ಸಂಘದ ಲೆಕ್ಕಿಗರ ಕೆಲಸಕ್ಕೂ ಅರ್ಜಿ ಹಾಕಿದ್ದಾಳೆ. ತನಗೆ ಕೈಕೊಡುವುದು ಲೆಕ್ಕವಲ್ಲ, ಇಂಗ್ಲಿಷ್ ಎಂದು ತಾನೇ ಕಂಡುಕೊಂಡು, ಸಂಜೆ ಹೊತ್ತು ಒಬ್ಬ ಮೇಡಂ ಹತ್ತಿರ ಕಲಿಯುತ್ತಿದ್ದಾಳೆ. ಬೀದಿಯ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಆ ಫೀಸನ್ನೂ ತಾನೇ ದುಡಿಯುತ್ತಾಳೆ. ಫಲಿತಾಂಶ ಬರಲು ಇನ್ನೂ ತಿಂಗಳುಗಳಿವೆ. ಬಂದರೂ ಏನು ಬರುತ್ತದೋ. "ಪಾಸಾಗೇ ಆಗ್ತೀಯ" ಎಂಬ ಸುಳ್ಳು ಧೈರ್ಯವನ್ನು ನಾನು ಅವಳಿಗೆ ಹೇಳುವುದಿಲ್ಲ. ಅವಳು ಬರುವ ಹೊತ್ತಿಗೆ ಬಿಸಿ ಕಾಫಿ ಇಟ್ಟಿರುತ್ತೇನೆ. ದೇವರ ಮುಂದೆ ದೀಪ ಹಚ್ಚುವಾಗ, ಪರೀಕ್ಷೆಯ ದಿನ ಅವಳ ಕೈ ನಡುಗದಿರಲಿ ಎಂದು ಕೇಳಿಕೊಳ್ಳುತ್ತೇನೆ. ಪಕ್ಕದ ಬೆಂಚಿನಲ್ಲಿ ಕೂತ ಹುಡುಗಿಯ ಕೈಯೂ ನಡುಗದಿರಲಿ ಎಂದು ಸೇರಿಸುತ್ತೇನೆ.