ಥಾಣೆಯಲ್ಲಿ ಗಾಡಿ ಬದಲಿಸಿ

ಡೊಂಬಿವಲಿಯವರದ್ದೊಂದು ಅಭ್ಯಾಸ ಇದೆ. ಮುಂಬಯಿ ಕಡೆ ಹೋಗಬೇಕಾದವರು ಮೊದಲು ಕಲ್ಯಾಣದ ಕಡೆ ಹೋಗುವ ಗಾಡಿ ಹತ್ತುತ್ತಾರೆ. ಅದೇ ಗಾಡಿ ಕಲ್ಯಾಣದಿಂದ ತಿರುಗಿ ಹೊರಡುವಾಗ ಇವರು ಕೂತೇ ಇರುತ್ತಾರೆ. ಹೊಸಬರು ನೋಡಿದರೆ ತಲೆ ಕೆಟ್ಟಿದೆಯೇ ಅಂದುಕೊಳ್ಳಬೇಕು. ಕಳೆದ ಮೂರು ವರ್ಷಗಳಿಂದ ಶನಿವಾರ ಬೆಳಗ್ಗೆ ನಾನೂ ಹೀಗೆ 'ರಿಟರ್ನ್' ಬರುತ್ತೇನೆ. ಕೂರಲು ಸಿಕ್ಕಿದರೆ ಥಾಣೆ ಬರುವುದರೊಳಗೆ ಎಂಟು ಹತ್ತು ಪುಟ ಓದಬಹುದು. ನನ್ನ ಪಿಎಚ್.ಡಿ.ಯ ಓದು ಬಹುಪಾಲು ನಡೆದದ್ದು ಮಹಿಳಾ ಡಬ್ಬಿಯಲ್ಲಿ, ಯಾರೋ ಬಿಡಿಸುತ್ತಿರುವ ಬಟಾಣಿಯ ಸಿಪ್ಪೆ ಕಾಲ ಮೇಲೆ ಬೀಳುತ್ತಿರುವಾಗ.

ವಯಸ್ಸು ನಲವತ್ತೇಳು. ವೃತ್ತಿಯಿಂದ ಶಾಲಾ ಶಿಕ್ಷಕಿ. 2023ರಲ್ಲಿ ಶಿಕ್ಷಣಶಾಸ್ತ್ರದ ಪಿಎಚ್.ಡಿ.ಗೆ ಅರೆಕಾಲಿಕ ವಿದ್ಯಾರ್ಥಿನಿಯಾಗಿ ಸೇರಿದೆ. ಕೇಳಿದವರೆಲ್ಲ ಮೊದಲು ಕೇಳುವುದು "ಈಗ ಯಾಕೆ?" ಅಂತ. ಅತ್ತೆ ಮಾತ್ರ ಬೇರೆ ಪ್ರಶ್ನೆ ಕೇಳಿದರು: "ಸಂಬಳ ಜಾಸ್ತಿ ಆಗ್ತದಾ?" ಆಗುವುದಿಲ್ಲ ಎಂದೆ. "ಹಾಗಾದ್ರೆ ನಿಜವಾಗ್ಲೂ ಆಸೆ ಇದೆ ನಿನಗೆ" ಅಂದು ಶನಿವಾರದ ಅಡುಗೆಯನ್ನು ತಾವೇ ವಹಿಸಿಕೊಂಡರು.

ವಿದೇಶಗಳಲ್ಲಿ ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಬೇರೆ ಡಾಕ್ಟರೇಟ್ ಇದೆ, ಎಡ್.ಡಿ. ಎನ್ನುತ್ತಾರೆ. ಅಮೆರಿಕದ ಹಾರ್ವರ್ಡಿನಲ್ಲಿ ಅದು 1920ರ ದಶಕದಲ್ಲೇ ಆರಂಭವಾಯಿತು. ಬ್ರಿಟನ್ನಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ 1992ರಲ್ಲಿ ಶುರು ಮಾಡಿತು. ನಿಮ್ಮ ತರಗತಿಯ ಒಂದು ತೊಂದರೆಯನ್ನೇ ಹಿಡಿದು, ಕೆಲಸ ಬಿಡದೆ, ಅದನ್ನು ಶಾಸ್ತ್ರಬದ್ಧವಾಗಿ ನೋಡಿ ಎನ್ನುವುದು ಅದರ ಒಟ್ಟು ತಾತ್ಪರ್ಯ. ನಮ್ಮಲ್ಲಿ ಆ ಹೆಸರಿನ ಪದವಿ ರೂಢಿಯಲ್ಲಿಲ್ಲ, ಅರೆಕಾಲಿಕ ಪಿಎಚ್.ಡಿ.ಯೇ ಆ ಕೆಲಸ ಮಾಡುತ್ತದೆ. ಯುಜಿಸಿಯ 2022ರ ನಿಯಮಾವಳಿ ಇದಕ್ಕೆ ದಾರಿ ಬಿಟ್ಟಿದೆ. ಕೆಲಸ ಮಾಡುವ ಕಡೆಯಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಬೇಕು, ಕೋರ್ಸ್‌ವರ್ಕ್ ಮುಗಿಸಬೇಕು, ಆರಾರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಆರು, ಹೆಂಗಸರಿಗೆ ಇನ್ನೆರಡು ವರ್ಷದ ರಿಯಾಯಿತಿ. ಆ ಎರಡು ವರ್ಷದ ಹಿಂದೆ ಯಾರೋ ಮನೆ ನಡೆಸಿದವರ ತಲೆ ಇರಬೇಕು.

ಈ ಊರಿಗೆ ಇದೇನೂ ಹೊಸದಲ್ಲ. ನಮ್ಮ ದೇಶದ ಮೊದಲ ಎಂ.ಎಡ್. ತರಗತಿ 1936ರಲ್ಲಿ ನಡೆದದ್ದು ಮುಂಬಯಿ ವಿಶ್ವವಿದ್ಯಾಲಯದಲ್ಲಿ, ಶಿಕ್ಷಣಶಾಸ್ತ್ರದ ಮೊದಲ ಪಿಎಚ್.ಡಿ. ಬಂದದ್ದೂ ಇಲ್ಲಿಂದಲೇ, 1943ರಲ್ಲಿ. ನಮ್ಮವರ ಕಥೆ ಕೇಳಿದರೆ ಇನ್ನೂ ಹತ್ತಿರದ್ದು. ಕೋಟೆಯ ಹೋಟೆಲುಗಳಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿದ ಹುಡುಗರಲ್ಲಿ ನನ್ನ ಅಪ್ಪನೂ ಒಬ್ಬರು. ಹಗಲು ದುಡಿದು ರಾತ್ರಿ ಮೆಟ್ರಿಕ್ ಮಾಡಿದರು. ಕಲೀನಾದಲ್ಲಿ 1978ರಲ್ಲಿ ಕನ್ನಡ ವಿಭಾಗ ಶುರುವಾದ ಮೇಲೆ ಬ್ಯಾಂಕಿನವರು, ಗೃಹಿಣಿಯರು, ನಿವೃತ್ತರು ಅಲ್ಲಿ ಎಂ.ಎ., ಪಿಎಚ್.ಡಿ. ಮಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅದರ ಮೊದಲ ಮುಖ್ಯಸ್ಥರಾದ ಶ್ರೀನಿವಾಸ ಹಾವನೂರರೇ ಗ್ರಂಥಪಾಲಕರಾಗಿದ್ದು ಸಂಶೋಧನೆ ಮಾಡಿದವರು. ಅವರ 'ಹೊಸಗನ್ನಡದ ಅರುಣೋದಯ' ಪಿಎಚ್.ಡಿ.ಯ ಪ್ರಬಂಧವೇ ಅಲ್ಲವೇ? ಹಾಗಾಗಿ ಮುಂಬಯಿ ಕನ್ನಡಿಗರಲ್ಲಿ ಯಾರಾದರೂ "ಕೆಲಸದ ಜೊತೆ ಓದೋದು ಹೇಗೆ" ಎಂದು ಕೇಳಿದರೆ ನನಗೆ ಸ್ವಲ್ಪ ನಗು ಬರುತ್ತದೆ.

ಥಾಣೆಯಲ್ಲಿ ಇಳಿದು ಒಂಬತ್ತು-ಹತ್ತನೇ ಪ್ಲಾಟ್‌ಫಾರ್ಮಿಗೆ ಹೋಗುವ ಸೇತುವೆಯ ಮೇಲೆ ನಾವು ನಡೆಯುವುದಿಲ್ಲ, ಜನವೇ ನಡೆಸುತ್ತದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತ ಊರು ಇದು. ಮರುವರ್ಷವೇ ಹಳಿ ಕಲ್ಯಾಣ ಮುಟ್ಟಿತು. ಇಲ್ಲಿಂದ ವಾಶಿಗೆ ಟ್ರಾನ್ಸ್ ಹಾರ್ಬರ್ ಗಾಡಿ ಬಂದದ್ದು ಮಾತ್ರ 2004ರಲ್ಲಿ. ಅದಕ್ಕೂ ಮೊದಲು ನವಿ ಮುಂಬಯಿಗೆ ಗಾಡಿಯಲ್ಲೇ ಹೋಗಬೇಕೆಂದರೆ ಡೊಂಬಿವಲಿಯವರು ಕುರ್ಲಾದವರೆಗೆ ಹೋಗಿ ಹಾರ್ಬರ್ ಗಾಡಿ ಹಿಡಿದು ಸುತ್ತು ಹೊಡೆಯಬೇಕಿತ್ತು. ಈಗ ಅರ್ಧ ಗಂಟೆ. ಐರೋಳಿ, ರಬಾಳೆ, ಘನ್ಸೋಳಿ, ಕೋಪರ್‌ಖೈರಣೆ, ತುರ್ಭೆ. ಒಂದು ಬದಿ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿ ಕಾರ್ಖಾನೆ ಶೆಡ್ಡುಗಳ ನಡುವೆ ಗಾಜಿನ ಆಫೀಸು ಕಟ್ಟಡಗಳು. ವಾಶಿಯಲ್ಲಿ ಸಿಡ್ಕೋ ಕಟ್ಟಿದ ನಿಲ್ದಾಣ ನಮ್ಮ ಕಣ್ಣಿಗೆ ನಿಲ್ದಾಣವೇ ಅಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ ಎಂದು ಡೊಂಬಿವಲಿಯ ಜೀವ ಚಡಪಡಿಸುತ್ತದೆ.

ನನ್ನ ಗೈಡ್ ಮ್ಯಾಡಮ್ ವಾಶಿಯಲ್ಲಿದ್ದಾರೆ. ಮರಾಠಿಯವರು. ಮಾತು ಕಡಿಮೆ, ಪೆನ್ಸಿಲ್ ಜಾಸ್ತಿ.

ಬರೆಯುವ ಕೆಲಸ ಮನೆಯಲ್ಲಿ ಆಗುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ, ಒಂದು ಟಿವಿ. ಹಾಗಾಗಿ ಈ ಹಳಿಯುದ್ದಕ್ಕೂ ಇರುವ ಲೈಬ್ರರಿಗಳು ನನಗೆ ಪರಿಚಯವಾದವು. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದ್ದು, ರೈಲು ಬಂದು ಹತ್ತೇ ವರ್ಷಕ್ಕೆ ಆದದ್ದು. ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರದ್ದು. ನಮ್ಮ ಡೊಂಬಿವಲಿಯಲ್ಲಿ 1986ರಿಂದ ಪೈಯವರ ಫ್ರೆಂಡ್ಸ್ ಲೈಬ್ರರಿ ಇದೆ, ಹಳೆ ಪುಸ್ತಕ ಕೊಟ್ಟು ಬೇರೆ ಪುಸ್ತಕ ಒಯ್ಯುವ ಅವರ ಜಾತ್ರೆಗೆ ಊರೇ ಬರುತ್ತದೆ. ಈ ವಿಷಯದಲ್ಲಿ ಮರಾಠಿಯವರ ಶಿಸ್ತಿಗೆ ಕೈಮುಗಿಯಬೇಕು. ಓದುವ ಕೋಣೆಯಲ್ಲಿ ಎಂಬತ್ತರ ಅಜ್ಜ ಒಬ್ಬರು ಪಕ್ಕದಲ್ಲಿ ದೀಪಾವಳಿ ವಿಶೇಷಾಂಕ ಓದುತ್ತಾ ಕೂತಿದ್ದರೆ ಮೊಬೈಲ್ ತೆಗೆಯಲು ನಾಚಿಕೆಯಾಗುತ್ತದೆ.

ನನ್ನ ವಿಷಯ ಹೇಳಲಿಲ್ಲ. ನಾನು ಮೊದಲು ಕಲಿಸುತ್ತಿದ್ದದ್ದು ಕನ್ನಡ ಮಾಧ್ಯಮದ ವಿಭಾಗದಲ್ಲಿ, ಒಂದರಿಂದ ಏಳರವರೆಗೆ. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಜತ್ತ, ಅಕ್ಕಲಕೋಟೆಯ ಮಕ್ಕಳು ಓದುವ ಅದೇ ಪುಸ್ತಕ ನಮ್ಮಲ್ಲೂ. ವರ್ಷ ವರ್ಷ ಮಕ್ಕಳು ಕಡಿಮೆಯಾದರು. 2013ರಲ್ಲಿ ಏಳನೇ ತರಗತಿ ಮುಗಿಸಿದ ಹದಿನಾಲ್ಕು ಮಕ್ಕಳೊಂದಿಗೆ ವಿಭಾಗ ಮುಚ್ಚಿತು. ಅವರೆಲ್ಲ ಎಂಟನೆಯದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ನನ್ನನ್ನೂ ಇಂಗ್ಲಿಷ್ ವಿಭಾಗಕ್ಕೆ ಹಾಕಿದರು. ಆ ಹದಿನಾಲ್ಕು ಜನ ಏನಾದರು, ಆ ದಾಟುವಿಕೆಯಲ್ಲಿ ಅವರಿಗೆ ಏನಾಯಿತು? ಇದೇ ನನ್ನ ಪ್ರಶ್ನೆ. ಹನ್ನೊಂದು ಜನ ಸಿಕ್ಕಿದರು.

ಸಿಕ್ಕವರು ಈ ನಾಲ್ಕು ಊರುಗಳಲ್ಲಿ ಹರಡಿದ್ದಾರೆ. ಕಲ್ಯಾಣದ ಶಿವಾಜಿ ಚೌಕದ ಹತ್ತಿರ ಒಬ್ಬ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಾನೆ. ಸಂದರ್ಶನದ ಮಧ್ಯೆ ತುಳುವಿನಲ್ಲಿ ಅಡುಗೆಯವನಿಗೆ, ಹಿಂದಿಯಲ್ಲಿ ಗ್ಯಾಸಿನವನಿಗೆ, ಮರಾಠಿಯಲ್ಲಿ ಗಿರಾಕಿಗೆ ಮಾತಾಡಿ, "ಇಂಗ್ಲಿಷ್ ಒಂದು ಸರಿ ಬರ್ಲಿಲ್ಲ ಟೀಚರ್, ಲೆಕ್ಕ ಮಾತ್ರ ಎಲ್ಲೂ ತಪ್ಪಲ್ಲ, ಅದು ನೀವು ಕಲಿಸಿದ್ದು" ಅಂದ. ಮಸಾಲೆ ದೋಸೆಯ ದುಡ್ಡು ತೆಗೆದುಕೊಳ್ಳಲಿಲ್ಲ. (ಸಂಶೋಧಕಿ ಉಪಚಾರ ಸ್ವೀಕರಿಸಬಹುದೇ ಎಂದು ಕೋರ್ಸ್‌ವರ್ಕಿನ ನೀತಿಶಾಸ್ತ್ರದ ಪಾಠದಲ್ಲಿ ಕೇಳಬೇಕಿತ್ತು, ಕೇಳಲಿಲ್ಲ.) ಐರೋಳಿಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿರುವವಳು, ಎಂಟನೆಯ ತರಗತಿಯ ಮೊದಲ ಮೂರು ತಿಂಗಳು ದಿನಾ ಅತ್ತೆ, ಆಮೇಲೆ ಅಮ್ಮ ಟ್ಯೂಷನ್ ಹಾಕಿದರು, ಸರಿಹೋಯಿತು ಎಂದಳು. ಥಾಣೆಯ ವಾಗ್ಳೆ ಎಸ್ಟೇಟಿನವನಿಗೆ ಅಣ್ಣ ಇದ್ದ, ಮನೆಯಲ್ಲಿ ಹೇಳಿಕೊಡುತ್ತಿದ್ದ. ಟ್ಯೂಷನ್ನಿಗೆ ದುಡ್ಡು ಅಥವಾ ಮನೆಯಲ್ಲೊಬ್ಬ ಓದಿದ ಅಣ್ಣ, ಎರಡರಲ್ಲಿ ಒಂದಿದ್ದವರು ದಾಟಿದ್ದಾರೆ. ಹನ್ನೊಂದು ಜನರ ಮಾತು ಕೇಳಿ ದೊಡ್ಡ ತೀರ್ಮಾನ ಹೇಳಬಾರದು ಎನ್ನುವುದು ಗೊತ್ತು. ಆದರೂ ಹಾಗೆ ಕಂಡಿತು.

ತುರ್ಭೆಯವಳಿಗೆ ಎರಡೂ ಇರಲಿಲ್ಲ. ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಈಗ ಅವಳು ತುರ್ಭೆ ಸ್ಟೋರಿನಲ್ಲಿ ಒಂದು ಖೋಲಿಯಲ್ಲಿದ್ದು ಜೋಳದ ರೊಟ್ಟಿ ಬಡಿದು ಮನೆ ಮನೆಗೆ ಕೊಡುತ್ತಾಳೆ. ನನ್ನ ತರಗತಿಯಲ್ಲಿ ವಿಜ್ಞಾನಕ್ಕೆ ಅವಳೇ ಮೊದಲು. ನಾನು ರೆಕಾರ್ಡರ್ ಹಚ್ಚಿ ಪ್ರಶ್ನೆ ಕೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸದೆ ಹೇಳಿದಳು. ಎಂಟನೆಯ ತರಗತಿಯಲ್ಲಿ ಗಿಡ ಆಹಾರ ಹೇಗೆ ಮಾಡಿಕೊಳ್ಳುತ್ತದೆ ಎಂದು ಕೇಳಿದರಂತೆ. "ದ್ಯುತಿಸಂಶ್ಲೇಷಣೆ ಅಂತ ಬಾಯಾಗ ಬಂತ್ರಿ. ಎಲ್ಲಾರೂ ನಕ್ರು. ಆಮ್ಯಾಲ ನಾ ಕೈ ಎತ್ತಲೇ ಇಲ್ಲ." ಹತ್ತನೆಯದರಲ್ಲಿ ಫೇಲಾಗಿ ಬಿಟ್ಟಳು.

ಅಷ್ಟು ನನಗೆ ಪ್ರಬಂಧಕ್ಕೆ ಸಾಕಿತ್ತು. ರೆಕಾರ್ಡರ್ ಆರಿಸುವ ಮೊದಲೇ ಅವಳು ತಲೆ ಎತ್ತಿ ಕೇಳಿದಳು. "ಟೀಚರ್, ನಾ ಐದನೇತ್ಯಾಗ ಇದ್ದಾಗ ನಮ್ಮಪ್ಪ ನನ್ನ ಹೆಸರ ತೆಗಸಾಕ ಬಂದಿದ್ದ. ಇಂಗ್ಲಿಷ್ ಸಾಲಿಗೆ ಹಾಕ್ತೀನಿ ಅಂತ. ನೀವ ಬ್ಯಾಡ ಅಂದ್ರಿ. ನೆನಪೈತೇನ್ರೀ?"

ನೆನಪಿತ್ತು. ಮಾತೃಭಾಷೆಯಲ್ಲಿ ಕಲಿತರೆ ಬುದ್ಧಿ ಬೆಳೆಯುತ್ತದೆ ಎಂದು ಅವರಿಗೆ ಹೇಳಿದ್ದೆ. ಅದು ಸುಳ್ಳಲ್ಲ, ಈಗಲೂ ನಂಬುತ್ತೇನೆ. ಆದರೆ ಆ ವರ್ಷ ಇನ್ನಷ್ಟು ಮಕ್ಕಳು ಬಿಟ್ಟರೆ ವಿಭಾಗ ಆಗಲೇ ಮುಚ್ಚುತ್ತಿತ್ತು, ನನ್ನ ಕೆಲಸ ತೂಗಾಡುತ್ತಿತ್ತು. ಅದನ್ನು ಆ ಮನುಷ್ಯನಿಗೆ ಹೇಳಿರಲಿಲ್ಲ.

ಅವತ್ತು ತುರ್ಭೆಯಿಂದ ಥಾಣೆಯವರೆಗೆ ನಿಂತೇ ಬಂದೆ, ಸೀಟು ಖಾಲಿ ಇತ್ತು.

ಅಧ್ಯಾಯ ಬರೆದು ಮ್ಯಾಡಮ್‌ಗೆ ಕೊಟ್ಟೆ. ಅದರಲ್ಲಿ "ಮಕ್ಕಳನ್ನು ಕನ್ನಡ ಮಾಧ್ಯಮದಲ್ಲೇ ಉಳಿಸಿಕೊಳ್ಳುವಂತೆ ಶಿಕ್ಷಕರು ಪಾಲಕರಿಗೆ ಸಲಹೆ ನೀಡುತ್ತಿದ್ದರು" ಎಂದು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಬರೆದಿದ್ದೆ. ಮುಂದಿನ ಶನಿವಾರ ಹಾಳೆ ವಾಪಸು ಬಂತು. 'ಶಿಕ್ಷಕರು' ಎಂಬಲ್ಲಿ ಪೆನ್ಸಿಲಿನ ಸುತ್ತು, ಬದಿಯಲ್ಲಿ ಮರಾಠಿಯಲ್ಲಿ ಒಂದೇ ಶಬ್ದ. "ಕೋಣ್?" ಯಾರು?

ನಾನು ಹೇಳಿದೆ. ಮ್ಯಾಡಮ್ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಇದನ್ನು ಬಿಟ್ಟುಬಿಟ್ಟರೂ ನಿಮಗೆ ಪದವಿ ಬರುತ್ತದೆ. ಸಮಿತಿಗೆ ಗೊತ್ತಾಗುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನೋಡಿ, ನಿಮ್ಮಿಷ್ಟ" ಅಂದರು. ನಮ್ಮ ಶಾಲೆಯ ಆಡಳಿತದ ಆಕ್ಷೇಪಣೆ ಇಲ್ಲ ಪತ್ರದ ಮೇಲೆ ನಿಂತಿರುವ ಓದು ನನ್ನದು. ವಿಭಾಗ ಉಳಿಸಲು ಮಕ್ಕಳನ್ನು ಹಿಡಿದಿಟ್ಟೆವು ಎಂದು ಬರೆದರೆ ಅವರು ಏನೆನ್ನುತ್ತಾರೋ. ಕನ್ನಡ ಶಾಲೆ ಉಳಿಸಿ ಎಂದು ವೇದಿಕೆಯಲ್ಲಿ ನನ್ನನ್ನು ಕೂರಿಸಿ ಶಾಲು ಹೊದಿಸಿದ ಸಂಘದವರಿಗೆ ಏನು ಹೇಳಲಿ? ಎರಡು ತಿಂಗಳು ಆ ಪುಟ ಮುಟ್ಟಲಿಲ್ಲ. ಪ್ರಗತಿ ವರದಿಯಲ್ಲಿ 'ಮಾಹಿತಿ ವಿಶ್ಲೇಷಣೆ ನಡೆಯುತ್ತಿದೆ' ಎಂದು ಬರೆದೆ.

ಕೊನೆಗೆ ಒಂದು ಭಾನುವಾರ ಕಲ್ಯಾಣದ ವಾಚನಾಲಯದಲ್ಲಿ ಕೂತು 'ಶಿಕ್ಷಕರು' ಹೊಡೆದು 'ನಾನು' ಎಂದು ಬರೆದೆ. ಆ ಒಂದು ಶಬ್ದ ಬದಲಾದರೆ ಪೂರ್ತಿ ಅಧ್ಯಾಯ ಬದಲಾಗಬೇಕು ಎಂದು ಆಗ ತಿಳಿಯಿತು. ನಲವತ್ತು ಪುಟ ಮತ್ತೆ ಬರೆದೆ.

ಹೇಳಿದವರಿಗೆ ಅವರ ಮಾತನ್ನು ಓದಿ ತೋರಿಸುವುದು ಇಂಥ ಸಂಶೋಧನೆಯ ಒಂದು ಪದ್ಧತಿ. ಮಳೆ ಶುರುವಾದ ಮೇಲೆ ತುರ್ಭೆಗೆ ಹೋದೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ಮಾಡಿ ಓದಿದೆ, ನನ್ನ ಕೆಲಸದ ಭಯದ ಮಾತನ್ನೂ ಬಿಡದೆ. ಅವಳು ಕೈ ಒರೆಸಿಕೊಂಡು ಕೇಳಿದಳು. ಸಿಟ್ಟು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. "ಹಂಗೇನ್ರಿ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ತಿದ್ದುಪಡಿ ಹೇಳಿದಳು. "ಅಪ್ಪ ಅವತ್ತ ಅರ್ಧಾ ದಿನದ ಪಗಾರ ಬಿಟ್ಟ ಬಂದಿದ್ದ. ಅದನ್ನೂ ಬರೀರಿ." ಬರೆದುಕೊಂಡೆ.

ಅವಳ ಮಗಳಿಗೆ ನಾಲ್ಕು ವರ್ಷ. ಬಾಗಿಲಲ್ಲಿ ಕೂತು ಮರಾಠಿಯಲ್ಲಿ ಏನೋ ಹಾಡಿಕೊಳ್ಳುತ್ತಿತ್ತು. ಚಹಾ ಕೊಡುತ್ತಾ ಕೇಳಿದಳು, "ಇಕೀನ್ನ ಯಾವ ಸಾಲಿಗೆ ಹಾಕ್ಲಿ ಟೀಚರ್?"

ನಾನು ಹಿಂದಿನಂತೆ ಉತ್ತರ ಕೊಡಲಿಲ್ಲ. ಹತ್ತಿರ ಯಾವ ಯಾವ ಶಾಲೆ ಇದೆ ಎಂದು ಕೇಳಿದೆ. ಪಾಲಿಕೆಯದ್ದೊಂದು, ಖಾಸಗಿಯದ್ದೊಂದು ಎಂದಳು. ಎರಡನ್ನೂ ಒಟ್ಟಿಗೆ ಹೋಗಿ ನೋಡೋಣ, ಮಗು ಮಾತಾಡಿದರೆ ಕೇಳಿಸಿಕೊಳ್ಳುವವರು ಎಲ್ಲಿದ್ದಾರೆ ಎಂದು ನೋಡೋಣ, ಆಮೇಲೆ ನೀನೇ ತೀರ್ಮಾನ ಮಾಡು ಎಂದೆ. ಮನೆಯಲ್ಲಿ ಮಗಳ ಜೊತೆ ಯಾವ ಮಾತು ಎಂದೆ. "ನಮ್ಮ ಮಾತ ರೀ, ಮತ್ತ್ಯಾವ್ದು" ಎಂದು ನಕ್ಕಳು.

ಮುಂದಿನ ಶನಿವಾರ ಹೋಗುವುದೆಂದು ಆಯಿತು. ವಾಶಿಗೆ ಫೋನ್ ಮಾಡಿ ಈ ವಾರ ಬರುವುದು ತಡವಾಗುತ್ತದೆ ಎಂದು ಮ್ಯಾಡಮ್‌ಗೆ ತಿಳಿಸಿದೆ. ರೊಟ್ಟಿ ಹತ್ತು ಕಟ್ಟಿಸಿಕೊಂಡೆ, ಈ ಸಲ ದುಡ್ಡು ಕೊಟ್ಟೆ.