ಜೋಡಿಯಿಲ್ಲದ ಪದ

ಮುಂಬಯಿಯ ಸಂತಾನ ಚಿಕಿತ್ಸಾಲಯವೊಂದರ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ನೇರವಾದ ಹೆಸರು ‘ವೀರ್ಯ ತೊಳೆಯುವುದು’. ಊರಿನ ಮದುವೆಮನೆಯಲ್ಲಿ ಹೀಗೆಂದರೆ ಮಾತು ತಟ್ಟನೆ ಮಳೆ-ಬೆಳೆಯ ಕಡೆ ಹೊರಳುತ್ತದೆ.

ವೀರ್ಯದಲ್ಲಿ ವೀರ್ಯಾಣುಗಳಷ್ಟೇ ಇರುವುದಿಲ್ಲ. ಸತ್ತ ಕಣಗಳು, ಬಿಳಿ ರಕ್ತಕಣಗಳು, ಸ್ರಾವಗಳು ಎಲ್ಲವೂ ಸೇರಿರುತ್ತವೆ. ಸಹಜವಾಗಿ ಇವನ್ನು ತಡೆದು ಸೋಸುವುದು ಗರ್ಭಕಂಠದ ಲೋಳೆ. ನೇರವಾಗಿ ಗರ್ಭಕೋಶಕ್ಕೇ ಸೇರಿಸುವಾಗ ಆ ಹೊಣೆ ನಮ್ಮದಾಗುತ್ತದೆ. ತೊಳೆಯದೆ ಸೇರಿಸಿದರೆ ಸ್ರಾವದಲ್ಲಿರುವ ಪ್ರೊಸ್ಟಗ್ಲ್ಯಾಂಡಿನ್‌ಗಳು ಗರ್ಭಕೋಶವನ್ನು ಹಿಂಡಿ ನೋಯಿಸುತ್ತವೆ.

ನನಗೆ ಪ್ರಿಯವಾದದ್ದು ಈಜಿಸುವ ವಿಧಾನ. ಮಾದರಿಯ ಮೇಲೆ ಪೋಷಕ ದ್ರವವನ್ನು ಮೆಲ್ಲಗೆ ಸುರಿದು, ಕೊಳವೆಯನ್ನು ಓರೆಯಾಗಿಸಿ, 37 ಡಿಗ್ರಿ ಶಾಖದಲ್ಲಿ ಸುಮಾರು ಒಂದು ಗಂಟೆ ಬಿಡುತ್ತೇವೆ. ಕಸುವುಳ್ಳವು ತಾವಾಗಿಯೇ ಮೇಲಿನ ದ್ರವಕ್ಕೆ ಈಜಿ ಬರುತ್ತವೆ. ಆದರೆ ಸಂಖ್ಯೆ ಕಡಿಮೆಯಿರುವವರಲ್ಲಿ ಹೀಗೆ ದಕ್ಕುವುದು ಅತ್ಯಲ್ಪ. ಅವರಿಗೆ ಸಾಂದ್ರತೆಯ ಪದರಗಳು ಬೇಕು: ಕೆಳಗೆ ಶೇಕಡಾ 80ರ, ಮೇಲೆ ಶೇಕಡಾ 40ರ ಸಿಲಿಕಾ ದ್ರಾವಣ, ಅದರ ಮೇಲೆ ಮಾದರಿ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಒಳ್ಳೆಯವು ತಳಕ್ಕಿಳಿಯುತ್ತವೆ, ಕಸ ಮೇಲೆಯೇ ಉಳಿಯುತ್ತದೆ. ಪದರಗಳಿಲ್ಲದೆ ಸುಮ್ಮನೆ ತಿರುಗಿಸಿ ಒತ್ತಿದರೆ ಕೆಟ್ಟ ಕಣಗಳಿಂದ ಹೊಮ್ಮುವ ಆಮ್ಲಜನಕದ ಉಗ್ರ ರೂಪಗಳು ಒಳ್ಳೆಯವನ್ನೂ ಹಾಳುಮಾಡುತ್ತವೆಂದು ಏಟ್ಕನ್ ಮತ್ತು ಕ್ಲಾರ್ಕ್‌ಸನ್ 1988ರಲ್ಲೇ ತೋರಿಸಿದ್ದರು.

ಕಷ್ಟವಿರುವುದು ಕೊಳವೆಯ ಹೊರಗೆ. ನಮ್ಮ ಭಾಷೆ ಹೆಣ್ಣಿಗೆ ‘ಬಂಜೆ’ ಎಂಬ ಪದ ಕೊಟ್ಟಿತು. ಗಂಡಿಗೆ ಅದರ ಜೋಡಿಪದ ಬಳಕೆಯಲ್ಲಿಲ್ಲ. ‘ಷಂಡ’ ಎಂಬ ಬೈಗುಳ ಬೇರೆಯದನ್ನೇ ಹೇಳುತ್ತದೆ. ‘ಪುರುಷ ಬಂಜೆತನ’ ಎಂಬ ವೈದ್ಯಕೀಯ ಪದವೂ ಅವಳಿಂದ ತಂದ ಎರವಲು! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಮಿತಿಯೆಂದು ಸೂಚಿಸಿದೆ. ಅದಕ್ಕಿಂತ ಕಡಿಮೆಯಿದ್ದೂ ತಂದೆಯಾದವರುಂಟು. ಆದರೂ ಆ ಕಾಗದವನ್ನು ಮಡಚಿ ಜೇಬಿಗಿಳಿಸುವ ಗಂಡಸರನ್ನು ವಾರವಾರವೂ ಕಾಣುತ್ತೇನೆ.

ಧಾರವಾಡದ ಕಡೆಯ ದಂಪತಿ ಬಂದಿದ್ದರು. ಆರು ವರ್ಷ ಹೆಂಡತಿಗೆ ಸ್ಕ್ಯಾನು, ಲ್ಯಾಪರೋಸ್ಕೋಪಿ, ಹರಕೆ, ಉಪವಾಸ. ಗಂಡನಿಗೆ ಮೊದಲ ಪರೀಕ್ಷೆಯಾದದ್ದು ನಮ್ಮಲ್ಲಿ. ಸಿದ್ಧವಾದ ಕೊಳವೆಯ ಚೀಟಿಯನ್ನು ಅವನಿಂದಲೇ ಓದಿಸಬೇಕು. ಅದು ನಮ್ಮ ನಿಯಮ. ತನ್ನ ಹೆಸರನ್ನೂ ಹೆಂಡತಿಯ ಹೆಸರನ್ನೂ ಓದಿ, ನಾನು ಕನ್ನಡದವಳೆಂದು ತಿಳಿದ ಧೈರ್ಯದಲ್ಲಿ ಕೇಳಿದ: “ನಮ್ಮವ್ವಗ ಏನಂತ ಹೇಳ್ಲಿರೀ?”

ನನಗಿಂತ ಮೊದಲು ಹೆಂಡತಿಯೇ ಅಂದಳು: “ಇದ್ದದ್ದು ಇದ್ದಂಗ ಹೇಳ್ರಿ. ಆರು ವರ್ಷ ನಾ ಕೇಳೀನಿ.”