ಆನ್‌ಲೈನ್ ಅಂಗಡಿಯ ಪರೀಕ್ಷೆ

ಅಂಗಡಿಯ ಗುಣಾವಗುಣಗಳನ್ನು ಗೃಹಸ್ಥರು ಹಿಂದಿನಿಂದಲೂ ಪರೀಕ್ಷಿಸುತ್ತ ಬಂದಿರುವರು. ತಕ್ಕಡಿಯ ಮುಳ್ಳು ನೆಟ್ಟಗಿದೆಯೇ, ಬೇಳೆಯಲ್ಲಿ ಕಲ್ಲು ಬೆರೆತಿದೆಯೇ, ಕೊಂಡ ವಸ್ತು ಕೆಟ್ಟಿದ್ದರೆ ಸೆಟ್ಟರು ಮರಳಿ ತೆಗೆದುಕೊಳ್ಳುವರೇ, ಇಷ್ಟು ತಿಳಿದರೆ ಸಾಕಾಗಿತ್ತು. ಈಗ ಅಂಗಡಿಯೇ ಮೊಬೈಲಿನೊಳಗೆ ಬಂದು ಕುಳಿತಿದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಮೊದಲಾದ ಫ್ಲಿಪ್‌ಕಾರ್ಟ್ ಇಂದು ಮಾರದ ವಸ್ತು ಅಪರೂಪ. ಅದೂ ಅಮೆಜಾನೂ 2020ರಲ್ಲಿ ಕನ್ನಡದಲ್ಲಿ ವ್ಯವಹರಿಸತೊಡಗಿದವು. ಇಂಥ ಅಂಗಡಿ ಮನೆಯವರ ಬಳಕೆಗೆ ಅನುಕೂಲವೋ ಅಲ್ಲವೋ ಎಂಬುದನ್ನು ಅರಿಯುವ ಬಗೆ ಯಾವುದು?

ಇದಕ್ಕಾಗಿ ಒಂದು ಶಾಸ್ತ್ರವೇ ಬೆಳೆದಿದೆ. 1998ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾನಕವೊಂದು ಬಳಕೆಯ ಸೌಕರ್ಯವನ್ನು ಮೂರು ಲಕ್ಷಣಗಳಿಂದ ನಿರ್ಣಯಿಸುತ್ತದೆ. ಹಿಡಿದ ಕಾರ್ಯ ಕೈಗೂಡಿತೇ? ಅದಕ್ಕೆ ಎಷ್ಟು ಕಾಲ, ಎಷ್ಟು ಶ್ರಮ ತಗಲಿತು? ಬಳಸಿದವರ ಮನಸ್ಸಿಗೆ ಒಪ್ಪಿತೇ? ಸಿದ್ಧಿ, ಲಾಘವ, ತೃಪ್ತಿ ಎಂದು ನಾವು ಇವುಗಳಿಗೆ ಹೆಸರಿಟ್ಟುಕೊಂಡಿದ್ದೇವೆ. ಅರ್ಧ ಮಾತ್ರೆ ಉಳಿದರೆ ಹಬ್ಬ ಮಾಡುವ ವೈಯಾಕರಣರ ಪಂಕ್ತಿಯಲ್ಲಿ ಓದಿದ ನಮಗೆ ಲಾಘವದ ಮೇಲೆ ತುಸು ಪಕ್ಷಪಾತವುಂಟು. ಆದರೆ ಆ ಮಾನಕದಲ್ಲಿ ಬೆಲೆಯುಳ್ಳ ಮಾತು ಬೇರೊಂದಿದೆ. ಬಳಸುವವರು ಯಾರು, ಕಾರ್ಯ ಯಾವುದು, ಸಂದರ್ಭವೇನು ಎಂಬುದನ್ನು ಬಿಟ್ಟು ಸೌಕರ್ಯವನ್ನು ಅಳೆಯಬಾರದೆಂಬುದೇ ಅದು. ತರುಣನಿಗೆ ಸುಲಭವಾದುದು ಅವನ ಅಜ್ಜಿಗೂ ಸುಲಭವೆಂದು ಹೇಳಲಾಗದು.

ಪರೀಕ್ಷೆಗೆ ನೂರಾರು ಮಂದಿ ಬೇಕಿಲ್ಲ. ಒಂದೇ ಬಗೆಯ ಬಳಕೆದಾರರಲ್ಲಿ ಐವರನ್ನು ನೋಡಿದರೆ ದೋಷಗಳಲ್ಲಿ ಬಹುಪಾಲು ಹೊರಬೀಳುವುದೆಂದು ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದರು. ನಿಜವಾದ ಒಂದು ಕೆಲಸವನ್ನು ಕೊಟ್ಟು, ಪಕ್ಕದಲ್ಲಿ ಕುಳಿತು, ಬಾಯಿ ಬಿಡದೆ ಗಮನಿಸತಕ್ಕದ್ದು. ಮೂವತ್ತು ವರ್ಷ ಪಾಠ ಹೇಳಿದ ನಾಲಗೆಗೆ ಇದು ಕಠಿಣವಾದ ವ್ರತ.

ನಮ್ಮ ಮನೆಯವರನ್ನೂ ನೆರೆಯ ನಾಲ್ವರು ಹಿರಿಯ ಗೃಹಿಣಿಯರನ್ನೂ ಇದಕ್ಕೆ ಒಪ್ಪಿಸಿದೆವು. ಕೆಲಸವು ಅಲ್ಪವೇ: ಐದು ಲೀಟರಿನ ಕುಕ್ಕರಿಗೆ ರಬ್ಬರನ್ನು ತರಿಸುವುದು, ಬಳಿಕ ಅದನ್ನು ರದ್ದುಪಡಿಸುವುದು. ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕನ್ನಡ ಅಕ್ಷರಗಳಲ್ಲಿ ‘ಕುಕ್ಕರ್ ರಬ್ಬರ್’ ಎಂದು ಬರೆದೊಡನೆ ಮೊದಲು ಬಂದುದು ಮಕ್ಕಳು ಪೆನ್ಸಿಲಿನ ಬರಹ ಅಳಿಸುವ ರಬ್ಬರು! ತಲೆಬರಹ ಕನ್ನಡ, ಅಳತೆಯ ವಿವರವೆಲ್ಲ ಇಂಗ್ಲಿಷ್. ಮುಚ್ಚಳ ಒಳಗೆ ಕೂರುವ ಬಗೆಯದೋ ಹೊರಗೆ ಕೂರುವ ಬಗೆಯದೋ ಎಂಬುದು ಚಿತ್ರದಲ್ಲಿಯೂ ಇಲ್ಲ. 199 ರೂಪಾಯಿಯ ವಸ್ತು ಕೊನೆಯ ಪುಟಕ್ಕೆ ಬರುವಷ್ಟರಲ್ಲಿ 238 ಆಗಿತ್ತು. ನಿರ್ವಹಣಾ ಶುಲ್ಕವೆಂದು 29, ಯಾವುದೋ ದಾನಕ್ಕೆಂದು 10. “ಏನೂಂದ್ರೆ, ನಾನು ಕೊಡ್ತೀನಿ ಅಂತ ಹೇಳಲೇ ಇಲ್ಲವಲ್ಲ?” ಎಂದರು ನಮ್ಮ ಮನೆಯವರು. ಕೊಡುವವರ ಸಂಕಲ್ಪವಿಲ್ಲದೆ ದಾನವಿಲ್ಲವೆಂದು ನಾವು ಓದಿದ್ದೆವು. ಇಲ್ಲಿ ಸಂಕಲ್ಪವನ್ನೂ ಅಂಗಡಿಯವರೇ ಮಾಡಿ, ಚೌಕದಲ್ಲಿ ಗುರುತು ಹಾಕಿಟ್ಟಿದ್ದರು. ‘ಹತ್ತೇ ನಿಮಿಷ’ ಎಂದು ಅವಸರಪಡಿಸುತ್ತಿದ್ದ ಗಡಿಯಾರವು ಪುಟವನ್ನು ಮುಚ್ಚಿ ತೆರೆದಾಗ ಮತ್ತೆ ಹತ್ತು ನಿಮಿಷದಿಂದಲೇ ಓಡತೊಡಗಿತು. ವಿಳಾಸ, ಓಟಿಪಿಗಳಲ್ಲಿ ತೊಡಕಾಗಲಿಲ್ಲ. ಕೊಳ್ಳುವುದಕ್ಕೆ ಬೇಕಾದುದು ನಾಲ್ಕು ಒತ್ತು, ರದ್ದುಪಡಿಸುವುದಕ್ಕೆ ಹನ್ನೊಂದು. ಐವರಲ್ಲಿ ನಾಲ್ವರು ರದ್ದತಿಯ ಗುಂಡಿಯನ್ನು ಕಾಣದೆ ಕೈಬಿಟ್ಟರು.

ನಮ್ಮನ್ನು ನೋಯಿಸಿದುದು ಇದಲ್ಲ. ಸೋತ ನಾಲ್ವರೂ, “ನಮಗೆ ಓದು ಸಾಲದು, ಮೇಷ್ಟ್ರೇ” ಎಂದು ತಮ್ಮನ್ನೇ ಹಳಿದುಕೊಂಡರು. ಒಬ್ಬ ಹುಡುಗ ಲೆಕ್ಕ ತಪ್ಪಿದರೆ ಹುಡುಗನನ್ನು ತಿದ್ದಬೇಕು. ತರಗತಿಯ ಮುಕ್ಕಾಲು ಪಾಲು ಅದೇ ಸಾಲಿನಲ್ಲಿ ಎಡವಿದರೆ ಪ್ರಶ್ನೆಪತ್ರಿಕೆಯನ್ನು ತಿದ್ದಬೇಕು. ಈ ಗೃಹಿಣಿಯರು ನಾಲ್ಕು ದಶಕ ಮನೆಯ ಜಮಾಖರ್ಚು ನಡೆಸಿದವರು. ಪಾತ್ರೆಯಂಗಡಿಗೆ ತಾವೇ ಹೋಗಿ, ಬೆಲೆ ಇಳಿಸಿ ತರುತ್ತಿದ್ದವರು. “ಒಂದು ರಬ್ಬರಿಗೂ ಮೊಮ್ಮಗನ ಬಿಡುವು ಕಾಯಬೇಕಾದರೆ ನನ್ನ ಸಂಸಾರ ನನ್ನ ಕೈಯಲ್ಲಿ ಎಲ್ಲಿದೆ?” ಎಂದು ಅವರಲ್ಲೊಬ್ಬರು ಕೇಳಿದುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಸರ್ಕಾರವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲವೆಂಬುದನ್ನು ವಾಚಕರು ತಿಳಿದಿರಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಮೊದಲೇ ಗುರುತು ಹಾಕಿಟ್ಟ ಚೌಕದಿಂದ ಗ್ರಾಹಕರ ಒಪ್ಪಿಗೆ ಪಡೆಯುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಅಂಗಡಿಯ ಕುಂದುಕೊರತೆ ಅಧಿಕಾರಿ ಅದು ತಲುಪಿದುದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಹದಿಮೂರು ಬಗೆಯ ಕಪಟರಚನೆಗಳನ್ನು ಹೆಸರಿಸಿ ನಿಷೇಧಿಸಿತು. ಕೇಳದ ಬಾಬನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ತೊಟ್ಟುತೊಟ್ಟಾಗಿ ಹೊರಗೆಡಹುವುದು, ಸುಳ್ಳು ಅವಸರ ಹುಟ್ಟಿಸುವುದು ಮೂರೂ ಆ ಪಟ್ಟಿಯಲ್ಲಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಾವು ಒತ್ತುಗಳ ಲೆಕ್ಕವನ್ನೂ ಪುಟಗಳ ಚಿತ್ರಗಳನ್ನೂ ಸೇರಿಸಿ ಅಂಗಡಿಯ ಅಧಿಕಾರಿಗೆ ಬರೆದೆವು. ದೂರಿನ ಸಂಖ್ಯೆ ಮರುದಿನವೇ ಬಂತು. ಪರಿಹಾರಕ್ಕೆ ಇನ್ನೂ ಹನ್ನೆರಡು ದಿನದ ಗಡುವಿದೆ. ಅಷ್ಟರಲ್ಲಿ ನಮ್ಮ ಮನೆಯವರು, ಮುಚ್ಚಳದ ಅಳತೆಯನ್ನು ಚಿತ್ರಸಹಿತ ತೋರಿಸುವ ಬೇರೊಂದು ಜಾಲದಂಗಡಿಯನ್ನು ತಾವೇ ಹುಡುಕಿ, ಯಾರನ್ನೂ ಕೇಳದೆ ರಬ್ಬರು ತರಿಸಿಕೊಂಡರು. ನೆರೆಯವರಿಗೂ ಈಗ ಅವರೇ ತೋರಿಸಿಕೊಡುತ್ತಿರುವರು.